ದೋಣಿ ಶಾಲೆಯದ್ದಾಗಬಾರದು, ಲೀಗಿನದ್ದಾಗ್ಬೇಕು

ಹೈಸ್ಕೂಲು ಮಕ್ಕಳಿಗೆ ಹಾಯಿದೋಣಿ ಲೀಗ್ ಶುರು ಮಾಡ್ಬೇಕು ಅಂತ ಯಾರೇ ಬಂದ್ರೂ ಮೊದಲ ಪ್ರಶ್ನೆ ಒಂದೇ, ಸರ್ ಯಾವ ದೋಣಿ ತಗೋಬೇಕು, ಎಷ್ಟು ಬೀಳತ್ತೆ. ನಾನು ತಿರುಗಿ ಕೇಳೋದು ದೋಣಿ ಯಾರ ಹೆಸರಲ್ಲಿ ತಗೋತೀರಿ ಅಂತ. ಶಾಲೆ ಹೆಸರಲ್ಲಿ ಅಂದ್ರೆ ಲೀಗ್ ಅಲ್ಲೇ ಅರ್ಧ ಮುಗೀತು. ದುಡ್ಡಿರೋ ಶಾಲೆ ಗರಿಗರಿ ಹೊಸ ಹಾಯಿ ತರತ್ತೆ, ಸರ್ಕಾರಿ ಹೈಸ್ಕೂಲಿಗೆ ಯಾರೋ ದಾನ ಕೊಟ್ಟ ಜೋಲುಬಿದ್ದ ಹಾಯಿ, ಎರಡನೇ ವರ್ಷಕ್ಕೆ ಸೋತ ಶಾಲೆಯ ಪಿಟಿ ಮಾಸ್ತರ್ರು ಫೋನ್ ಎತ್ತೋದು ನಿಲ್ಲಿಸ್ತಾರೆ. ಕಬಡ್ಡಿಗೆ ಈ ರಗಳೆ ಇಲ್ಲ, ಅಂಗಳ ಎಲ್ಲರಿಗೂ ಒಂದೇ. ಸೇಲಿಂಗಲ್ಲಿ ಆ ಒಂದೇ ಅಂಗಳನ ನಾವೇ ಮಾಡ್ಬೇಕು, ಅಂದ್ರೆ ದೋಣಿ ಎಲ್ಲಾ ಲೀಗ್ ಹೆಸರಲ್ಲೇ ಇರ್ಬೇಕು.

ಅಮೆರಿಕದಲ್ಲಿ ಇದು ದೊಡ್ಡ ವ್ಯವಸ್ಥೆ. ಇಂಟರ್‌ಸ್ಕೊಲಾಸ್ಟಿಕ್ ಸೇಲಿಂಗ್ ಅಸೋಸಿಯೇಶನ್ ಅಂತ 1930ರಿಂದ ಇದೆ, ದೇಶನ 7 ವಲಯ ಮಾಡ್ಕೊಂಡು ನಡೆಸ್ತಾರೆ, ಇಬ್ಬರು ಕೂರೋ ದೋಣಿಗೆ ಮ್ಯಾಲರಿ ಟ್ರೋಫಿ, ಒಬ್ಬರ ದೋಣಿಗೆ ಕ್ರೆಸ್ಸಿ, ಟೀಮ್ ರೇಸಿಗೆ ಬೇಕರ್. ಅವರ ಕ್ಲಬ್ಬು ಜೆಟ್ಟಿ ದುಡ್ಡು ಕಾರವಾರಕ್ಕೆ ಬರೋದಿಲ್ಲ ಬಿಡಿ. ಆದ್ರೆ ಅವರಿಂದ ಎತ್ಕೊಂಡು ಬರಬೇಕಾದ್ದು ಒಂದಿದೆ, ರೊಟೇಶನ್. ದೋಣಿ ಎಲ್ಲಾ ಒಂದೇ ಜಾತಿದು, ತಂಡಗಳು ಒಂದರಿಂದ ಒಂದಕ್ಕೆ ಹತ್ತಿ ಇಳಿತಾ ಹೋಗ್ತವೆ.

ನಮ್ಮಲ್ಲಿ ಇದನ್ನ ಹೀಗೆ ಇಳಿಸ್ಬಹುದು. 6 ಶಾಲೆ, 6 ದೋಣಿ. ಪ್ರತಿ ಶಾಲೆಯಿಂದ ಎ ಜೋಡಿ, ಬಿ ಜೋಡಿ, ಮೇಲೆ ಒಂದಿಬ್ಬರು ಬದಲಿ. ಎ ಜೋಡಿಗಳು 2 ರೇಸು ಓಡಿಸಿ ದಡಕ್ಕೆ ಬರ್ತವೆ, ಅದೇ ದೋಣಿಲಿ ಬಿ ಜೋಡಿ 2 ರೇಸು, ಆಮೇಲೆ ಎಲ್ಲಾ ಶಾಲೆ ಪಕ್ಕದ ದೋಣಿಗೆ. ಒಂದು ರೇಸು 15 ನಿಮಿಷ ಮೀರಬಾರದು, ಸ್ಟಾರ್ಟು ಜೋಡಣೆ ಎಲ್ಲಾ ಸೇರಿ 22 ನಿಮಿಷ ಹಿಡೀರಿ, 3 ತಾಸಲ್ಲಿ 8 ರೇಸಾಗತ್ತೆ, ಅಂದ್ರೆ ಒಂದು ಭಾನುವಾರಕ್ಕೆ 2 ದೋಣಿ, 3 ಭಾನುವಾರಕ್ಕೆ ಪ್ರತಿ ಶಾಲೆ 6 ದೋಣಿಲೂ ಕೂತಾಯ್ತು. 4ನೇ ನಂಬರ್ ದೋಣಿ ನೀರು ಕುಡಿಯತ್ತೆ, 2ನೇದರ ಚುಕ್ಕಾಣಿ ಬಿಗಿ, ಇರ್ಲಿ, ಎಲ್ಲರ ಪಾಲಿಗೂ ಬಂತಲ್ಲ. 24 ಮಕ್ಕಳಿಗೆ 6 ದೋಣಿ ಸಾಲತ್ತೆ ಅನ್ನೋದು ಹೆಡ್‌ಮಾಸ್ತರ್ರಿಗೆ ಹೇಳ್ಬೇಕಾದ ಮೊದಲ ಮಾತು, ಯಾಕಂದ್ರೆ ಅವರ ತಲೇಲಿ ಮಗುವಿಗೊಂದು ದೋಣಿ ಅಂತ ಕೂತಿರತ್ತೆ.

ಇಡೀ ಲೀಗ್ ನಿಲ್ಲೋದು ಬೀಳೋದು ಈ ಹತ್ತಿ ಇಳಿಯೋ ಜಾಗದಲ್ಲಿ, ರೇಸಲ್ಲಿ ಅಲ್ಲ. ಮೊಣಕಾಲುದ್ದ ನೀರಲ್ಲಿ ಒಬ್ಬ ದೋಣಿ ಮೂತಿ ಹಿಡಿದು ಗಾಳಿಗೆ ಎದುರಾಗಿ ನಿಲ್ಲಿಸ್ಬೇಕು, ಹಾಯಿ ಪಟಪಟ ಬಡಿತಾ ಇರತ್ತೆ, ಬೂಮ್ (ಹಾಯಿ ಕೆಳಗಿನ ಅಡ್ಡ ಕೋಲು) ಯಾರ ತಲೆಗೂ ಬಡಿಯದ ಹಾಗೆ ಇಳಿಯೋರು ಒಂದು ಕಡೆಯಿಂದ ಹತ್ತೋರು ಇನ್ನೊಂದು ಕಡೆಯಿಂದ, ಸೆಂಟರ್‌ಬೋರ್ಡ್, ಅಂದ್ರೆ ತಳದಿಂದ ನೀರಿಗೆ ಇಳಿಯೋ ಹಲಗೆ, ಅರ್ಧ ಎತ್ತಿರ್ಬೇಕು ಇಲ್ಲಾಂದ್ರೆ ಮರಳಿಗೆ ಕಚ್ಚಿ ಅದರ ಪೆಟ್ಟಿಗೆಯೇ ಸೀಳತ್ತೆ. ಹಾಯಿಗೆ ಗಾಳಿ ಅಡ್ಡ ತುಂಬಿದ್ರೆ ಆ ದೋಣಿ ಹಿಡಿದ ಹುಡುಗನ್ನೇ ಎಳ್ಕೊಂಡು ಹೋಗತ್ತೆ. ಮೊದಲ ದಿನ ರೇಸೇ ಬೇಡ, ಇದೊಂದನ್ನೇ ಮಧ್ಯಾಹ್ನದವರೆಗೆ ಮಾಡಿಸಿ. ಮಕ್ಕಳು ಗೊಣಗ್ತಾರೆ, ಗೊಣಗ್ಲಿ.

ಅಂಕ ಉಲ್ಟಾ, ಮೊದಲು ಬಂದ್ರೆ 1, ಎರಡನೇದು 2, ಮುಗಿಸದೇ ಹೋದ್ರೆ ಅಥವಾ ಸೀಟಿ ಮೊದಲೇ ಗೆರೆ ದಾಟಿ ವಾಪಸ್ ಬರದೇ ಇದ್ರೆ ದೋಣಿ ಲೆಕ್ಕಕ್ಕೆ ಒಂದು ಸೇರಿಸಿ 7, ಕಮ್ಮಿ ಇದ್ದೋರು ಗೆದ್ದ ಹಾಗೆ. ಎ ಮತ್ತು ಬಿ ಎರಡೂ ಕೂಡಿಸ್ಬೇಕು. ಇಲ್ಲೇ ಮಜಾ ಇರೋದು. ಒಂದು ಶಾಲೇಲಿ ಭಾರಿ ಚುರುಕು ಹುಡುಗಿ, ತನ್ನ ಜೋಡಿ ಪಾಲಿನ 12ಕ್ಕೆ 12 ರೇಸೂ ಮೊದಲು, 12 ಅಂಕ, ಆದ್ರೆ ಬಿ ಜೋಡಿ ಪ್ರತಿ ಸಲ ಕಡೇಗೆ, 72, ಒಟ್ಟು 84. ಇನ್ನೊಂದು ಶಾಲೆ ಎರಡೂ ಜೋಡಿ ಸುಮ್ನೆ ಮೂರನೇದು ಮೂರನೇದು ಬರ್ತಾ ಹೋದ್ರೆ 36 ಮತ್ತೆ 36, 72. ಗೆದ್ದೋರು ಅವರೇ. ಈ ಲೆಕ್ಕ ಒಮ್ಮೆ ಬೋರ್ಡ್ ಮೇಲೆ ಬರೆದು ತೋರಿಸಿದ್ರೆ ಮಾಸ್ತರ್ರು ಒಂದೇ ಮಗು ಹಿಂದೆ ಬೀಳೋದು ಬಿಟ್ಟು ಒಂಬತ್ತನೇ ಕ್ಲಾಸಿನ ಹೊಸಬರಿಗೂ ಕಲಿಸ್ತಾರೆ. ಅಂತಾರಾಷ್ಟ್ರೀಯ ನಿಯಮದಲ್ಲಿ ಸಾಮಾನ್ಯವಾಗಿ ಅತಿ ಕೆಟ್ಟ ಒಂದು ರೇಸು ಬಿಟ್ಟು ಲೆಕ್ಕ ಹಾಕ್ತಾರೆ, ಶಾಲಾ ಲೀಗಲ್ಲಿ ಅದು ಬೇಡ ಅಂತ ನನ್ನ ಅಭಿಪ್ರಾಯ, ಎಲ್ಲಾ ರೇಸೂ ಎಣಿಸಿ. ದೋಣಿಯದ್ದೇ ತಪ್ಪಿಂದ ಹಗ್ಗ ಹರಿದ್ರೆ ಮಾತ್ರ ಆ ತಂಡಕ್ಕೆ ಉಳಿದ ರೇಸುಗಳ ಸರಾಸರಿ ಕೊಡಿ, ಆದ್ರೆ ದಡಕ್ಕೆ ಬಂದ ಕೂಡ್ಲೇ ಹೇಳ್ಬೇಕು, ಊಟ ಮಾಡಿ ನೆನಪಾಯ್ತು ಅಂದ್ರೆ ಇಲ್ಲ.

ಸ್ಟಾರ್ಟಿಗೆ ಬಾವುಟ ಬೇಡ, ಸೀಟಿ ಸಾಕು. 3 ನಿಮಿಷ ಇರೋವಾಗ ಉದ್ದಕ್ಕೆ 3, 2 ನಿಮಿಷಕ್ಕೆ 2, 1 ನಿಮಿಷಕ್ಕೆ 1, ಕೊನೇ 5 ಸೆಕೆಂಡು ಒಂದೊಂದು ಗಿಡ್ಡ ಸೀಟಿ, ಸೊನ್ನೆಗೆ ಉದ್ದ ಸೀಟಿ. ಇದ್ರಿಂದ ಕೈಗಡಿಯಾರ ಇರೋ ಮಗು ಇಲ್ಲದ ಮಗು ಅನ್ನೋ ಭೇದವೂ ಹೋಯ್ತು. ಗೆರೆ ಉದ್ದ ಒಟ್ಟು ದೋಣಿಗಳ ಉದ್ದದ ಒಂದೂವರೆ ಪಟ್ಟು, 4 ಮೀಟರಿನ 6 ದೋಣಿಗೆ 36 ಮೀಟರ್. ಗಾಳಿ ಎದುರಿನ ಬೋಯಿ (ಸುತ್ತಿ ಬರೋಕೆ ನೀರಲ್ಲಿ ತೇಲಿಬಿಡೋ ಗುರುತು) 300 ಮೀಟರ್ ದೂರ, ಎರಡು ಸುತ್ತು, ಅಷ್ಟೇ.

ಇನ್ನು ಗಾಳಿ. ಕಾರವಾರದಲ್ಲಿ ಗುಡ್ಡ ಸೀದಾ ಸಮುದ್ರಕ್ಕೇ ಬಂದು ನಿಂತಿದೆ, ಬೆಳಿಗ್ಗೆ ಗುಡ್ಡದಿಂದ ಇಳಿಯೋ ಮೂಡಗಾಳಿಗೆ ನಂಬಿಕೆ ಇಲ್ಲ, ಒಮ್ಮೆ ಹೊಡೆಯತ್ತೆ ಒಮ್ಮೆ ಸಾಯತ್ತೆ. ಹತ್ತೂವರೆ ಹನ್ನೊಂದರ ಹೊತ್ತಿಗೆ ಪೂರ್ತಿ ಸ್ತಬ್ಧ, ನೀರು ಎಣ್ಣೆ ಥರ. ನೆಲ ಕಾಯ್ತಾ ಬಂದ ಹಾಗೆ ಪಡುವಣದಿಂದ ಸಮುದ್ರದ ಗಾಳಿ ಶುರುವಾಗಿ ಮಧ್ಯಾಹ್ನ ಏರ್ತಾ ಏರ್ತಾ ವಾಯವ್ಯಕ್ಕೆ ತಿರುಗತ್ತೆ. ಅದಕ್ಕೇ ಮಕ್ಕಳನ್ನ ಬೆಳಿಗ್ಗೆ 7ಕ್ಕೆ ಕರೆದು ಬಿಸಿಲಲ್ಲಿ ಒಣಗಿಸ್ಬೇಡಿ, 9ಕ್ಕೆ ಬರ್ಲಿ, ದೋಣಿ ಜೋಡಿಸ್ಲಿ, ಅವಲಕ್ಕಿ ತಿನ್ಲಿ, ಮೊದಲ ಸೀಟಿ ಹನ್ನೊಂದೂವರೆಗೆ. ಪ್ರತಿ ಎರಡು ರೇಸಿಗೊಮ್ಮೆ ಗಾಳಿ ನೋಡಿ ಮೇಲಿನ ಬೋಯಿ ಸ್ವಲ್ಪ ಬಲಕ್ಕೆ ಸರಿಸಿ, ಇಲ್ಲಾಂದ್ರೆ ರೇಸಲ್ಲ ಅದು, ಒಂದೇ ಕಡೆ ಮೆರವಣಿಗೆ. ಗಾಳಿ ವೇಗ 4 ನಾಟ್ ಗಿಂತ ಕಮ್ಮಿ ಇದ್ರೆ ನಿಲ್ಲಿಸಿ, ಹೊಸ ಮಕ್ಕಳಿದ್ರೆ 15 ನಾಟ್ ಮೇಲೆ ಹೋದ್ರೂ ನಿಲ್ಲಿಸಿ. ಗಾಳಿ ಅಳೆಯೋ ಮೀಟರ್ ಇಲ್ಲದೋರಿಗೆ ಗುರುತು ಹೇಳ್ತೀನಿ, ಕೊಲ್ಲಿ ಒಳಗೂ ಎಲ್ಲಾ ಕಡೆ ಬಿಳಿ ನೊರೆ ಒಡಿತಾ ಇದೆ ಅಂದ್ರೆ ಹೊಸಬರು ದಡದಲ್ಲೇ ಇರ್ಲಿ.

ಸೀಸನ್ನೂ ಗಾಳಿಗಿಂತ ಶಾಲೆ ಕ್ಯಾಲೆಂಡರ್ ತೀರ್ಮಾನಿಸತ್ತೆ. ಮಳೆಗಾಲ ಪೂರ್ತಿ ಬಂದ್, ದಸರಾ ರಜೆ ತರಬೇತಿಗೆ, ದೀಪಾವಳಿ ಮುಗಿದ ಮೇಲೆ ರೇಸು, ಸಂಕ್ರಾಂತಿಗೆ ಫೈನಲ್. ಆಮೇಲೆ ಎಸ್ಸೆಸ್ಸೆಲ್ಸಿ ಪ್ರಿಪರೇಟರಿ ಬಂತು ಅಂದ್ರೆ ಹತ್ತನೇ ಕ್ಲಾಸಿನ ಒಂದು ಮಗುನೂ ಸಿಗಲ್ಲ, ಕೇಳೋದೂ ತಪ್ಪು.

ಜಾಗದ ವಿಷ್ಯದಲ್ಲಿ ನಾನು ಹಠಮಾರಿ. ಕಾಳಿ ನದಿ ಬಾಯಿ ನೋಡೋಕೆ ಶಾಂತ, ಆದ್ರೆ ಅಮಾಸೆ ಹುಣ್ಣಿಮೆ ಇಳಿತದಲ್ಲಿ ನೀರು ಹೊರಗೆ ಎಳೆಯೋ ಜೋರಿಗೆ ಹಗುರ ಗಾಳಿಲಿ ಮಕ್ಕಳ ದೋಣಿ ಎದುರಿಸಿ ಬರೋಕಾಗಲ್ಲ, ಮೇಲಿಂದ ಮರಳದಿಬ್ಬ, ಮಗುಚಿದ ದೋಣಿಯ ಕಂಬ ಮರಳಲ್ಲಿ ಹೂತ್ರೆ ಎತ್ತೋಕೆ ನಾಲ್ಕು ಜನ ಬೇಕು. ಟ್ಯಾಗೋರ್ ಬೀಚ್ ಎದುರಿನ ಕೊಲ್ಲಿ ಒಳ್ಳೇದು, ದಕ್ಷಿಣಕ್ಕೆ ಬೈತಖೋಲ ಬಂದರಿನ ದಾರಿ ಬಿಟ್ಟುಬಿಡಿ, ಅದಕ್ಕೂ ಆಚೆ ಅರಗಾ ಕಡೆ ನೌಕಾನೆಲೆ, ಆ ದಿಕ್ಕಿಗೆ ಮಕ್ಕಳು ತಲೆ ಹಾಕೋ ಹಾಗೇ ಇಲ್ಲ. ಬಂದರು ಇಲಾಖೆ, ಕರಾವಳಿ ಕಾವಲು ಪೊಲೀಸರಿಗೆ ಪತ್ರ ಕೊಡೋದು ಸರಿ, ಆದ್ರೆ ಅದಕ್ಕಿಂತ ಮುಖ್ಯ ಹಿಂದಿನ ಸಂಜೆ ರಂಪಣಿ (ದಡಕ್ಕೆ ಎಳೆಯೋ ದೊಡ್ಡ ಬಲೆ) ತಂಡದ ಮೀನುಗಾರರ ಹತ್ರ ಹೋಗಿ ನಾಳೆ ಬಲೆ ಎಲ್ಲಿ ಬಿಡ್ತೀರಿ ಅಂತ ಕೇಳೋದು. ಅವರ ಬಲೆ ಇರೋ ಕಡೆ ನಮ್ಮ ಬೋಯಿ ಇಲ್ಲ, ಇದ್ರಲ್ಲಿ ವಾದ ಬೇಡ, ಅದು ಅವರ ಅನ್ನ. ಅವರಲ್ಲೇ ಒಬ್ಬರನ್ನ ರೆಸ್ಕ್ಯೂ ಬೋಟಿಗೆ ಕೂರಿಸ್ಕೊಂಡ್ರೆ ಇನ್ನೂ ಒಳ್ಳೇದು. 6 ದೋಣಿಗೆ ಇಂಜಿನ್ ಇರೋ ರೆಸ್ಕ್ಯೂ ಒಂದು ಇರಲೇಬೇಕು, ಓಡಿಸೋರ ಕಾಲಿಗೆ ಕಿಲ್ ಕಾರ್ಡ್ (ಓಡಿಸೋರು ಬಿದ್ರೆ ಇಂಜಿನ್ ತಾನೇ ಆರಿಸೋ ಹಗ್ಗ) ಕಟ್ಟಿರ್ಲೇಬೇಕು, ಲೈಫ್ ಜಾಕೆಟ್ ಬಕಲ್ ದಡದಲ್ಲೇ ಎಳೆದು ನೋಡ್ಬೇಕು. ಮತ್ತೆ ಒಂದು ಹಲಗೆಗೆ ಮೊಳೆ ಹೊಡೆದು ಮಕ್ಕಳ ನಂಬರಿನ ಬಿಲ್ಲೆ ನೇತಾಕಿ, ನೀರಿಗಿಳಿಯೋವಾಗ ತಿರುಗಿಸಿ ಹೋಗೋದು, ಬಂದ ಮೇಲೆ ವಾಪಸ್ ತಿರುಗಿಸೋದು. ಸಂಜೆ ಒಂದು ಬಿಲ್ಲೆ ಉಲ್ಟಾ ಇದ್ರೆ ಯಾರೂ ಮನೆಗೆ ಹೋಗಲ್ಲ.

ಜಗಳ ಆಗತ್ತೆ, ಆಗ್ಲೇಬೇಕು. ಮೂರು ನಿಯಮ ಬಾಯಿಪಾಠ ಇದ್ರೆ ಮುಕ್ಕಾಲು ಜಗಳ ನೀರಲ್ಲೇ ಮುಗಿಯತ್ತೆ: ಗಾಳಿ ಬಲಗಡೆಯಿಂದ ಬಡಿಯೋ ದೋಣಿಗೆ ಹಕ್ಕು, ಎಡಗಡೆಯಿಂದ ಬಡಿಯೋದು ದಾರಿ ಬಿಡ್ಬೇಕು, ಎರಡಕ್ಕೂ ಒಂದೇ ಕಡೆಯಿಂದ ಗಾಳಿ ಇದ್ದು ಅಕ್ಕಪಕ್ಕ ಇದ್ರೆ ಗಾಳಿ ಕಡೆ ಇರೋನು ದೂರ ಸರೀಬೇಕು, ಬೋಯಿಗೆ ಮೂರು ದೋಣಿ ಉದ್ದ ಹತ್ರ ಬಂದಾಗ ಒಳಗಡೆ ಇರೋನಿಗೆ ಜಾಗ ಕೊಡ್ಬೇಕು. ತಪ್ಪು ಮಾಡಿದೋನು ಅಲ್ಲೇ ಎರಡು ಸುತ್ತು ತಿರುಗಿ ಮುಂದೆ ಹೋಗ್ಬಹುದು. ಒಪ್ಪದೇ ಇದ್ರೆ ದಡದಲ್ಲಿ ಗಾಳಿಮರದ ಕೆಳಗೆ ವಿಚಾರಣೆ. ಮರಳ ಮೇಲೆ ಬೋಯಿಗೆ ತೆಂಗಿನ ಚಿಪ್ಪು, ದೋಣಿಗೆ ಎರಡು ಬಾಟಲಿ ಮುಚ್ಚಳ, ಗಾಳಿ ದಿಕ್ಕಿಗೆ ಒಂದು ಕಡ್ಡಿ ಗೆರೆ, ಇಬ್ಬರೂ ಮುಚ್ಚಳ ಸರಿಸಿ ಸರಿಸಿ ತೋರಿಸ್ಬೇಕು. ಬಾಯಲ್ಲಿ ಸುಳ್ಳು ಹೇಳೋ ಮಗುನೂ ಮುಚ್ಚಳ ಸರಿಸೋವಾಗ ನಿಜ ಸರಿಸಿಬಿಡತ್ತೆ. ತೀರ್ಪು ಕೊಡೋರು ಆ ಎರಡೂ ಶಾಲೆಯೋರಾಗಿರಬಾರದು. ಇಲ್ಲಿ ಮೀನುಗಾರರ ಮನೆ ಮಕ್ಕಳು ಗಾಳಿ ಓದೋದ್ರಲ್ಲಿ ಎಲ್ಲರನ್ನೂ ಮೀರಿಸ್ತಾರೆ ಆದ್ರೆ ನಿಯಮ ಅಂದ್ರೆ ಬೇಜಾರು, ಪೇಟೆ ಮಕ್ಕಳು ತದ್ವಿರುದ್ಧ, ಅವರಿಬ್ಬರನ್ನ ಒಂದೇ ದೋಣಿಲಿ ಹಾಕಿ ನೋಡಿ.

ಸೀಸನ್ ಕೊನೇಗೆ ಒಂದು ದಿನ ಟೀಮ್ ರೇಸ್ ಇಡಿ, 3 ದೋಣಿ ಎದುರು 3 ದೋಣಿ. ಒಟ್ಟು ಅಂಕ 21, 10 ಅಥವಾ ಕಮ್ಮಿ ಬಂದೋರು ಗೆದ್ರು. ಒಬ್ಬ ಮೊದಲು ಬಂದು ಗೆಳೆಯರು 5, 6 ಬಂದ್ರೆ 12, ಎದುರಿನೋರು 2, 3, 4 ಸೇರಿ 9. ಮುಂದೆ ಹೋದೋನು ಹಿಂದೆ ತಿರುಗಿ ಎದುರಾಳಿಯ ಗಾಳಿಗೆ ಅಡ್ಡ ನಿಂತು ತನ್ನೋರನ್ನ ಮುಂದೆ ಬಿಡ್ಬೇಕು. ದಡದಲ್ಲಿ ನಿಂತ ಅಕ್ಕೋರಿಗೂ ಅಪ್ಪ ಅಮ್ಮಂದಿರಿಗೂ ಅರ್ಥ ಆಗೋ ರೇಸು ಇದೊಂದೇ.

ಇದ್ರಿಂದ ಎಂತ ಸಿಗತ್ತೆ ಅಂತ ಕೇಳೋ ಪಾಲಕರಿಗೆ ನಾನು ನೇಹಾ ಠಾಕೂರ್ ಹೆಸರು ಹೇಳ್ತೀನಿ, ಮಧ್ಯಪ್ರದೇಶದ ಹುಡುಗಿ, ಭೋಪಾಲಿನ ಕೆರೆಲಿ ಕಲ್ತು 2023ರ ಹಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ ಐಎಲ್‌ಸಿಎ 4 ಅನ್ನೋ ಒಬ್ಬರ ದೋಣಿಲಿ ಬೆಳ್ಳಿ ತಂದ್ಲು. ನಮ್ಮ ಮಕ್ಕಳ ಮನೆ ಹಿಂದೇನೇ ಸಮುದ್ರ.

ಕಡೇದಾಗಿ ದೋಣಿ. ಒಬ್ಬರೇ ಕೂರೋ ಆಪ್ಟಿಮಿಸ್ಟ್ ಅನ್ನೋ ಚಿಕ್ಕ ದೋಣಿ ಬೇಡ, 15 ವರ್ಷ ದಾಟಿದ್ರೆ ಅದ್ರಲ್ಲಿ ರೇಸಿಗೆ ಬಿಡಲ್ಲ, ಹತ್ತನೇ ಕ್ಲಾಸಿನೋರು ಹೊರಗಾಗ್ತಾರೆ. ಇಬ್ಬರು ಕೂರೋ 420 ಅನ್ನೋ ಜಾತಿ ದೋಣಿ ಅಥವಾ ಎನ್‌ಸಿಸಿ ನೌಕಾ ವಿಭಾಗದ ಮಕ್ಕಳಿಗೆ ಪರಿಚಯ ಇರೋ ಎಂಟರ್‌ಪ್ರೈಸ್, ಎರಡ್ರಲ್ಲಿ ಯಾವುದು 6 ಒಂದೇ ಥರ ಸಿಗತ್ತೋ ಅದು. ಎಂಟರ್‌ಪ್ರೈಸ್ ಭಾರ ಜಾಸ್ತಿ, ಮರಳಲ್ಲಿ ಎಳೆಯೋಕೆ ಟ್ರಾಲಿ ಬೇಕು. ಶಾಲೆಗಳಿಂದ ವರ್ಷಕ್ಕಿಷ್ಟು ಅಂತ ಸಮ ವಂತಿಗೆ, ಖಾತೆ ಲೀಗ್ ಸಮಿತಿ ಹೆಸರಲ್ಲಿ, ದೋಣಿ ಮೇಲೆ ಯಾವ ಶಾಲೆ ಹೆಸರೂ ಬರೆಸೋದು ಬೇಡ, ಬರೀ ನಂಬರ್. ಸ್ನೇಹ ಸಮ್ಮೇಳನಕ್ಕೆ ದೋಣಿ ಕೊಡಿ ಸ್ಟೇಜ್ ಮೇಲೆ ಇಡ್ತೀವಿ ಅಂತ ಕೇಳ್ತಾರೆ, ಕೊಡ್ಬೇಡಿ, ಬಿರುಕು ಬಿಟ್ಟೇ ಬರತ್ತೆ. ಮೇ ಕೊನೇಗೆ ಕಂಬ ಇಳಿಸಿ, ಹಗ್ಗ ಹಾಯಿ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ ಇಲಿ ಬರದ ಕಡೆ ಕಟ್ಟಿಡಿ, ದೋಣಿ ಬೋರಲು ಹಾಕಿ ಡ್ರೈನ್ ಮುಚ್ಚಳ ತೆಗೆದಿಡಿ. ಫೈಬರ್ ರಿಪೇರಿ ಮಳೆ ಹಿಡಿಯೋ ಮೊದಲೇ ಮುಗಿಸ್ಕೊಳ್ಳಿ, ಜೂನ್ ತಂಡಿಲಿ ರೆಸಿನ್ ಒಣಗಲ್ಲ.