ಬೂದಿ ಸಿಮೆಂಟು ಕಲಬೆರಕೆಯಲ್ಲ ಸ್ವಾಮಿ

ಮನೆ ಕಟ್ಟಿಸುವವರು ಪ್ಲಾನು ಹಿಡಿದು ಬಂದಾಗ ಮೊದಲು ವಾಸ್ತು ಮುಗಿಯಬೇಕು. ಆಮೇಲೆ, "ಸಾರ್, ಪರಿಸರಕ್ಕೆ ಒಳ್ಳೇದಾಗೋ ಹಾಗೆ ಏನಾದ್ರೂ ಮಾಡೋಣ" ಅನ್ನುತ್ತಾರೆ. ಸೋಲಾರ್, ಮಳೆನೀರು, ಮಣ್ಣಿನ ಇಟ್ಟಿಗೆ ಎಲ್ಲ ಮಾತಾಗುತ್ತದೆ. ನನಗೂ ಖುಷಿ. ಕೊನೆಗೆ ಸಿಮೆಂಟಿನ ವಿಷಯ ಬರುತ್ತದೆ. "ಅದು ಮಾತ್ರ 53 ಗ್ರೇಡೇ ಹಾಕ್ಸಿ ಸಾರ್. ಬೂದಿ ಬೆರೆಸಿದ್ದು ಬೇಡ." ಅಲ್ಲಿಗೆ ನನ್ನ ತಾಳ್ಮೆ ಅರ್ಧ ಖಾಲಿ.

ಸೇಡಂ, ವಾಡಿ ಕಡೆ ಹೋದವರು ಸಿಮೆಂಟ್ ಕಾರ್ಖಾನೆಗಳನ್ನು ನೋಡಿರುತ್ತೀರಿ. ಅಲ್ಲಿ ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿ ಶಾಖದಲ್ಲಿ ಸುಟ್ಟು ಕ್ಲಿಂಕರ್ ಮಾಡುತ್ತಾರೆ. ಈ ಗಟ್ಟಿಯನ್ನು ಪುಡಿ ಮಾಡಿದರೆ ಸಿಮೆಂಟು. ಕಲ್ಲಿದ್ದಲಿನ ಹೊಗೆ ಹಾಗಿರಲಿ, ಆ ಕಲ್ಲಿನೊಳಗೇ ಇಂಗಾಲದ ಡೈಆಕ್ಸೈಡ್ ಕೂತಿದೆ. ಶುದ್ಧ ಸುಣ್ಣದ ಕಲ್ಲು 100 ಕೆಜಿ ಸುಟ್ಟರೆ 44 ಕೆಜಿ ಗಾಳಿಗೆ ಹೋಗುತ್ತದೆ. ಉರಿ ಯಾವುದೇ ಇರಲಿ, ಇದು ತಪ್ಪುವುದಿಲ್ಲ. ಹಾಗಾಗಿ ನಮ್ಮ ಕೈಲಿರುವ ಸುಲಭದ ದಾರಿ ಒಂದೇ. ಮೂಟೆಯಲ್ಲಿ ಕ್ಲಿಂಕರ್ ಕಡಿಮೆ ಇರುವ ಸಿಮೆಂಟು ಕೊಳ್ಳುವುದು.

ಅದೇ ಪಿಪಿಸಿ, ಅಂದರೆ ಪೋರ್ಟ್‌ಲ್ಯಾಂಡ್ ಪೊಜೊಲಾನಾ ಸಿಮೆಂಟು. ಅದರಲ್ಲಿ 15ರಿಂದ 35 ಪರ್ಸೆಂಟ್ ಹಾರುಬೂದಿ ಇರಬಹುದು ಅಂತ ಭಾರತೀಯ ಮಾನಕ ಐಎಸ್ 1489 ಹೇಳುತ್ತದೆ. ರಾಯಚೂರಿನ ಶಕ್ತಿನಗರದಂಥ, ಕಲ್ಲಿದ್ದಲು ಸುಡುವ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳಿಂದ ಬರುವ ಬೂದಿ. ಕಬ್ಬಿಣದ ಕುಲುಮೆಯ ಸ್ಲ್ಯಾಗ್, ಅಂದರೆ ಕಿಟ್ಟ, ಬೆರೆಸಿದರೆ ಅದು ಪೋರ್ಟ್‌ಲ್ಯಾಂಡ್ ಸ್ಲ್ಯಾಗ್ ಸಿಮೆಂಟು, ಪಿಎಸ್‌ಸಿ. ಸಾವಿರ ಚದರಡಿಯ ಐದಿಂಚು ಮೋಲ್ಡಿಗೆ, ತೊಲೆ ಬಿಟ್ಟು, ತೊಂಬತ್ತು ಚಿಲ್ಲರೆ ಮೂಟೆ ಹಿಡಿಯುತ್ತದೆ. ಬೂದಿ 30 ಪರ್ಸೆಂಟ್ ಇದ್ದರೆ 50 ಕೆಜಿ ಮೂಟೆಗೆ 15 ಕೆಜಿ. ಲೆಕ್ಕ ಹಾಕಿ, ಒಂದು ತಾರಸಿಯಲ್ಲೇ ಒಂದು ಟನ್ನಿಗೂ ಜಾಸ್ತಿ ಕ್ಲಿಂಕರ್ ಉಳಿಯಿತು. ಅದೂ ಸಾಮಾನ್ಯವಾಗಿ ಮೂಟೆಗೆ ನಾಲ್ಕು ಕಾಸು ಕಡಿಮೆ ಕೊಟ್ಟು. ಕಡಿಮೆ ಬೆಲೆ ಅನ್ನೋದೇ ಜನಕ್ಕೆ ಅನುಮಾನ, ಅದು ಬೇರೆ ಮಾತು.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಸಾದಾ ಸಿಮೆಂಟಿನ ಮೂಟೆ ಮೇಲಿರುವ 53 ಅಂದರೆ ನಿಮ್ಮ ಮನೆಯ ಗಟ್ಟಿತನವಲ್ಲ. ಲ್ಯಾಬಿನಲ್ಲಿ ಒಂದು ಪಾಲು ಸಿಮೆಂಟು, ಮೂರು ಪಾಲು ನಿಗದಿತ ಮರಳು ಕಲಸಿ ಕ್ಯೂಬ್ ಮಾಡಿ, 28 ದಿನಕ್ಕೆ ಒತ್ತಿ ನೋಡಿದಾಗ ಅದು ಕನಿಷ್ಠ ತಡೆಯಬೇಕಾದ ಒತ್ತಡ, 53 ಮೆಗಾಪ್ಯಾಸ್ಕಲ್. ಪಿಪಿಸಿಗೆ ಆ ಕನಿಷ್ಠ 33. ನಾನು ನೋಡುವ ಟೆಸ್ಟ್ ರಿಪೋರ್ಟುಗಳಲ್ಲಿ ಅದಕ್ಕಿಂತ ಸಾಕಷ್ಟು ಮೇಲೇ ಇರುತ್ತದೆ. ನಿಮ್ಮ ಎರಡಂತಸ್ತಿನ ಮನೆಗೆ ನಾನು ಬರೆಯುವ ಕಾಂಕ್ರೀಟು ಎಂ 20, ಇಲ್ಲವೇ ಎಂ 25, ಅಂದರೆ 28 ದಿನಕ್ಕೆ 20 ಇಲ್ಲವೇ 25 ಮೆಗಾಪ್ಯಾಸ್ಕಲ್ ತಡೆಯುವಂಥದ್ದು. ಎರಡೂ ಬಗೆಯ ಸಿಮೆಂಟಿನಲ್ಲಿ ಅದು ಆರಾಮಾಗಿ ಬರುತ್ತದೆ.

ವ್ಯತ್ಯಾಸ ಇರೋದು ವೇಗದಲ್ಲಿ. ಸಿಮೆಂಟಿಗೆ ನೀರು ಬಿದ್ದಾಗ ಗಟ್ಟಿಯಾಗುವ ಅಂಟಿನ ಜೊತೆ ಒಂದಿಷ್ಟು ಸುಣ್ಣವೂ ಹುಟ್ಟುತ್ತದೆ. ಬೂದಿ ಆ ಸುಣ್ಣದ ಜೊತೆ ನಿಧಾನಕ್ಕೆ ಸೇರಿ ಇನ್ನಷ್ಟು ಅಂಟು ಮಾಡುತ್ತದೆ, ಸಣ್ಣ ಸಣ್ಣ ತೂತುಗಳನ್ನು ಮುಚ್ಚುತ್ತದೆ. 28 ದಿನ ಆದ ಮೇಲೂ ಈ ಕೆಲಸ ನಡೆಯುತ್ತಲೇ ಇರುತ್ತದೆ. ಕಾರವಾರ, ಉಡುಪಿ ಕಡೆ ಉಪ್ಪುಗಾಳಿಗೆ ಕಂಬಿ ತುಕ್ಕು ಹಿಡಿಯುವ ಊರುಗಳಲ್ಲಿ ಇದು ಇನ್ನೂ ಒಳ್ಳೆಯದು. ಇದೇನು ಹೊಸ ವಿದ್ಯೆಯೂ ಅಲ್ಲ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳ ನಡುವೆ ಇರೋದು ಸುರ್ಕಿ ಗಾರೆ. ಸುಟ್ಟ ಇಟ್ಟಿಗೆಯ ಪುಡಿ, ಸುಣ್ಣ. ರಸಾಯನ ಹೆಚ್ಚುಕಡಿಮೆ ಇದೇ.

ನಿಧಾನ, ಆದರೆ ದುರ್ಬಲ ಅಲ್ಲ. ಇನ್ನೊಮ್ಮೆ ಓದಿ. ನಿಧಾನ ಆದ್ದರಿಂದಲೇ ಅದಕ್ಕೆ ನೀರು ಜಾಸ್ತಿ ದಿನ ಬೇಕು. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನವಾದರೆ ಇದಕ್ಕೆ 10, ಬಿಸಿಲಿನ ಊರಲ್ಲಿ 14. ಸೆಂಟ್ರಿಂಗ್ ಬಿಚ್ಚಲು ಮೇಸ್ತ್ರಿ ಹೇಳುವ ದಿನಗಳೂ ಸಾದಾ ಸಿಮೆಂಟಿನ ಲೆಕ್ಕ. ಇದಕ್ಕೆ ಎಷ್ಟು ದಿನ ಅಂತ ನಿಮ್ಮ ಇಂಜಿನಿಯರನ್ನೇ ಕೇಳಿ, ಇಲ್ಲಿ ಓದಿ ತೀರ್ಮಾನಿಸಬೇಡಿ. ಸೆಂಟ್ರಿಂಗ್ ಬಾಡಿಗೆ ಉಳಿಸೋಕೆ ಆತುರಪಟ್ಟು, ಆಮೇಲೆ ಬೂದಿಯನ್ನು ಬೈದರೆ ಏನು ಹೇಳೋದು? ಹಾಗಂತ ಕಂಟ್ರಾಕ್ಟರು ಎಲ್ಲಿಂದಲೋ ಬೂದಿ ತಂದು ಸೈಟಲ್ಲೇ ಕಲಸುತ್ತೇನೆ ಅಂದರೆ ಖಂಡಿತ ಒಪ್ಪಬೇಡಿ. ಅದು ನಿಜವಾಗಿಯೂ ಕಲಬೆರಕೆ.

ತಮಾಷೆ ಅಂದರೆ, 53 ಅಂತ ಹಟ ಹಿಡಿದವರೇ ಮೋಲ್ಡಿಗೆ ರೆಡಿಮಿಕ್ಸ್ ತರಿಸುತ್ತಾರೆ. ಅದರಲ್ಲಿ ಪ್ಲಾಂಟಿನವರೇ ಅಳತೆ ಮಾಡಿ ಬೂದಿಯನ್ನೋ ಸ್ಲ್ಯಾಗನ್ನೋ ಹಾಕಿರುವುದು ಮಾಮೂಲು. ಯಾವುದು ಎಷ್ಟು ಹಾಕಿದ್ದಾರೆ ಅಂತ ಬರೆದಿರುವ ಮಿಕ್ಸ್ ಡಿಸೈನ್ ಹಾಳೆ ಕೇಳಿದವರು ಕಡಿಮೆ.

ತುಮಕೂರಿನ ಹತ್ತಿರ ಒಂದು ಮನೆ. ಮೋಲ್ಡ್ ದಿನ ಮಾಲೀಕರ ಬೀಗರು ಬಂದರು, ರಿಟೈರಾದ ಮೇಷ್ಟ್ರು. ಮೂಟೆ ಮೇಲೆ ಹಾರುಬೂದಿಯ ಪರ್ಸೆಂಟ್ ಓದಿ, "ನನ್ನ ಮಗಳು ಇರೋ ಮನೆಗೆ ಬೂದಿಯೇ?" ಅಂದರು. ಮಿಕ್ಸರ್ ತಿರುಗುತ್ತಿತ್ತು, ವಾಪಸು ಕಳಿಸುವ ಹಾಗಿರಲಿಲ್ಲ. ಮಾರನೇ ದಿನದಿಂದ ಅವರು ನಮ್ಮ ಯಾರನ್ನೂ ನಂಬಲಿಲ್ಲ. ತಾವೇ ನಿಂತು ತಾರಸಿ ಮೇಲೆ ಗಾರೆಯ ಸಣ್ಣ ಕಟ್ಟೆ ಕಟ್ಟಿಸಿ ನೀರು ನಿಲ್ಲಿಸಿದರು. ಬೆಳಿಗ್ಗೆ ಸಂಜೆ ಬಂದು ಬೆರಳು ಅದ್ದಿ ಆಳ ನೋಡುತ್ತಿದ್ದರು. ಎರಡು ವಾರ ಕಳೆದರೂ ನಿಲ್ಲಿಸಲಿಲ್ಲ. ಅಷ್ಟು ಚೆನ್ನಾಗಿ ಕ್ಯೂರಿಂಗ್ ಆದ ತಾರಸಿ ನನ್ನ ಕೆಲಸಗಳಲ್ಲಿ ಕಡಿಮೆಯೇ. ಈಗ ಸಿಕ್ಕಾಗಲೆಲ್ಲ ಅವರು ಹೇಳೋದು, "ನೋಡಿ, ನಾನು ನೀರು ಹಾಕಿದ್ದಕ್ಕೆ ನಿಮ್ಮ ಬೂದಿ ನಿಂತಿತು." ಹೌದು ಮೇಷ್ಟ್ರೇ ಅನ್ನುತ್ತೇನೆ. ಅವರು ಹೇಳೋದು ನಿಜವೇ ಅಲ್ವಾ?