ಬ್ರೆಡ್‌ಬೋರ್ಡಿನ ತೂತು ಎಷ್ಟು ಆಂಪಿಯರ್ ತಡೆದುಕೊಳ್ಳುತ್ತದೆ?

ಮಂಡ್ಯ ಕಡೆ ಕಾಲೇಜು ಪ್ರಾಜೆಕ್ಟ್ ಎಂದರೆ ನಾಲೆ, ತೂಬು, ಗದ್ದೆ ಇದ್ದೇ ಇರುತ್ತದೆ. ತೂಬಿನ ಬಾಗಿಲು ತಾನೇ ಏಳುವ ಮಾದರಿಯನ್ನೇ ತೆಗೆದುಕೊಳ್ಳಿ. ಆರ್ಡುಯಿನೊ (ಕೋಡ್ ಓಡಿಸುವ ಪುಟ್ಟ ಕಂಪ್ಯೂಟರ್) ಮತ್ತು ಬಾಗಿಲು ಎತ್ತುವ ಎಂಜಿ996ಆರ್ ಸರ್ವೋ ಮೋಟಾರ್, ಎರಡಕ್ಕೂ ಬ್ರೆಡ್‌ಬೋರ್ಡಿನ (ಬೆಸುಗೆಯಿಲ್ಲದೆ ತಂತಿ ಚುಚ್ಚಿ ಸರ್ಕ್ಯೂಟ್ ಕಟ್ಟುವ ತೂತುಗಳ ಹಲಗೆ) ಒಂದೇ 5 ವೋಲ್ಟ್ ಸಾಲು. ಬಾಗಿಲು ಏಳುವ ಹೊತ್ತಿಗೆ ಸರಿಯಾಗಿ ಆರ್ಡುಯಿನೊ ರೀಸೆಟ್! ಎಲ್ಲರೂ ಕೋಡ್ ತಿದ್ದಲು ಕೂರುತ್ತಾರೆ. ಮೊದಲು ನೋಡಬೇಕಾದ್ದು ತೂತಿನೊಳಗೆ.

ಅಲ್ಲಿರುವುದು ಸ್ಪ್ರಿಂಗ್ ಗುಣದ ಲೋಹದ ಪಟ್ಟಿ, ಹೆಚ್ಚಾಗಿ ಫಾಸ್ಫರ್ ಬ್ರಾಂಜ್. ಬಟ್ಟೆ ಕ್ಲಿಪ್ಪಿನ ಹಾಗೆ ತಂತಿಯನ್ನು ಎರಡು ಕಡೆಯಿಂದ ಕಚ್ಚಿ ಹಿಡಿಯುತ್ತದೆ. ನಿಜವಾಗಿ ಲೋಹಕ್ಕೆ ಲೋಹ ತಾಗುವುದು ಒಂದೆರಡು ಚುಕ್ಕೆಯಷ್ಟು ಜಾಗದಲ್ಲಿ. ಕರೆಂಟೆಲ್ಲ ಅಲ್ಲೇ ನುಸುಳಬೇಕು.

ಸಾಮಾನ್ಯವಾಗಿ ಕೊಡುವ ರೇಟಿಂಗ್ 1 ಆಂಪಿಯರ್, ಕೆಲವಕ್ಕೆ 2. ಅಗ್ಗದ ಬೋರ್ಡಾದರೆ ನಾನು ಅರ್ಧ ಆಂಪಿಯರ್ ಮೇಲೆ ನಂಬುವುದಿಲ್ಲ.

ಒಂದು ಕಾಂಟ್ಯಾಕ್ಟಿನ ರೆಸಿಸ್ಟೆನ್ಸ್ 0.05 ಓಂ ಅಂದುಕೊಳ್ಳಿ. 1 ಆಂಪಿಯರ್ ಹರಿದರೆ 50 ಮಿಲಿವ್ಯಾಟ್ ಬಿಸಿ. 3 ಆಂಪಿಯರಿಗೆ 450. ಕರೆಂಟ್ ಮೂರು ಪಟ್ಟು, ಬಿಸಿ ಒಂಬತ್ತು ಪಟ್ಟು. ಬಿಸಿಗೆ ಸ್ಪ್ರಿಂಗ್ ಬಿಗಿ ಕಳೆದುಕೊಳ್ಳುತ್ತದೆ, ರೆಸಿಸ್ಟೆನ್ಸ್ ಏರುತ್ತದೆ, ಬಿಸಿ ಇನ್ನೂ ಜಾಸ್ತಿಯಾಗುತ್ತದೆ. ಕೊನೆಗೆ ಪ್ಲಾಸ್ಟಿಕ್ಕೇ ಮೆತ್ತಗಾಗುತ್ತದೆ.

ಕರಗುವುದಕ್ಕಿಂತ ಎಷ್ಟೋ ಮೊದಲೇ ವೋಲ್ಟೇಜ್ ಕೈಕೊಡುತ್ತದೆ. ಪ್ಲಸ್ ಒಳಗೆ, ಹೊರಗೆ, ಮೈನಸ್ ಒಳಗೆ, ಹೊರಗೆ: ನಾಲ್ಕು ಕಾಂಟ್ಯಾಕ್ಟ್, 0.2 ಓಂ. ಸರ್ವೋ 2 ಆಂಪಿಯರ್ ಎಳೆದರೆ 0.4 ವೋಲ್ಟ್ ಅಲ್ಲೇ ಹೋಯಿತು. (ಈ ಸರ್ವೋ ಸಿಕ್ಕಿಕೊಂಡರೆ 6 ವೋಲ್ಟಿನಲ್ಲಿ ಸುಮಾರು 2.5 ಆಂಪಿಯರ್ ಎಳೆಯುತ್ತದೆ.) ಹಳೆಯ ಸಡಿಲ ತೂತುಗಳು, ಸಣ್ಣ ಜಂಪರ್ ತಂತಿ, ಬಡ ಅಡಾಪ್ಟರ್ ಸೇರಿದರೆ ರೀಸೆಟ್ ಆಗದೆ ಇನ್ನೇನು?

ಅಳೆದು ನೋಡುವುದು ಸುಲಭ. ಕರೆಂಟ್ ಹರಿಯುತ್ತಿರುವ ತಂತಿಯ ಬರಿ ತುದಿಗೆ ಮಲ್ಟಿಮೀಟರಿನ ಒಂದು ಪ್ರೋಬ್. ಅದೇ ಸಾಲಿನ ಖಾಲಿ ತೂತಿಗೆ ಒಂದು ತುಂಡು ತಂತಿ ಚುಚ್ಚಿ, ಅದಕ್ಕೆ ಇನ್ನೊಂದು. 1 ಆಂಪಿಯರಿಗೆ 50 ಮಿಲಿವೋಲ್ಟ್ ತೋರಿಸಿದರೆ 0.05 ಓಂ. 300 ತೋರಿಸಿದರೆ ಆ ತೂತನ್ನು ಬಿಟ್ಟುಬಿಡಿ.

ಎರಡು ತಂತಿ ಹಾಕಿದರೆ ಡಬಲ್ ಕರೆಂಟ್ ತಡೆದುಕೊಳ್ಳುತ್ತದೆ ಅಲ್ವಾ? ಪೂರ್ತಿ ಅಲ್ಲ. ಬಿಗಿಯಾಗಿ ಹಿಡಿದಿರುವ ತಂತಿಗೇ ಹೆಚ್ಚು ಪಾಲು ಬೀಳುತ್ತದೆ.

1ಎನ್5408ನಂಥ ದಪ್ಪ ಕಾಲಿನ ಡಯೋಡನ್ನಂತೂ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ತೂತಿಗೆ ಒತ್ತಿ ತುರುಕಬೇಡಿ. ಅದರ ಕಾಲು 1.2 ಮಿ.ಮೀ. ದಪ್ಪ, ತೂತು ಸುಮಾರು 0.8ಕ್ಕೆ ಮಾಡಿದ್ದು. ಒಮ್ಮೆ ಹಿಗ್ಗಿದ ಕ್ಲಿಪ್ ಆಮೇಲೆ ಸಣ್ಣ ತಂತಿಯನ್ನು ಹಿಡಿಯುವುದಿಲ್ಲ.

ಸರ್ವೋದ ಕೆಂಪು, ಕಂದು ತಂತಿಗಳನ್ನು ಸ್ಕ್ರೂ ಟರ್ಮಿನಲ್ ಮೂಲಕ ನೇರ ಅಡಾಪ್ಟರಿಗೆ ಕೊಡಿ. ಬೋರ್ಡಿನಿಂದ ಕಿತ್ತಳೆ ಸಿಗ್ನಲ್ ತಂತಿ ಸಾಕು. ಆದರೆ ಅಡಾಪ್ಟರಿನ ಮೈನಸ್‌ನಿಂದ ಬೋರ್ಡಿನ ಗ್ರೌಂಡಿಗೆ (ಆರ್ಡುಯಿನೊದ ಮೈನಸ್ ಸಾಲಿಗೆ) ಒಂದು ತಂತಿ ಇರಲೇಬೇಕು. ಇಲ್ಲದಿದ್ದರೆ ಸರ್ವೋ ಸುಮ್ನೆ ನಡುಗುತ್ತಾ ಕೂರುತ್ತದೆ.