ಆ 254 ಮಿಲಿಮೀಟರ್ ಎಲ್ಲಿಗೂ ಹೋಗುವುದಿಲ್ಲ

"ಸರ್, ರೂಫ್ ಜಾಯಿನ್ ಆಗ್ತಿಲ್ಲ. ಸಾಫ್ಟ್‌ವೇರ್‌ನಲ್ಲೇ ಏನೋ ಬಗ್ ಇದೆ ಅನ್ಸುತ್ತೆ."

ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕಟ್ಟಡದ 3D ಮಾಡೆಲ್ ಫೈಲ್ ತೆರೆದರೆ ಹೆಚ್ಚಾಗಿ ಒಂದೇ ಕಥೆ. ಎರಡು ಬದಿಗೆ ಎರಡು ಸ್ಲೋಪ್, ಓವರ್‌ಹ್ಯಾಂಗ್ (ರೂಫ್ ಗೋಡೆಯಿಂದ ಹೊರಗೆ ಚಾಚುವ ದೂರ) ಮಾತ್ರ ಎರಡೂ ಕಡೆ ಒಂದೇ. ಮೂಲೆಯಲ್ಲಿ ಸೂರಿನ ಅಂಚು ಸೊಟ್ಟಗಾಗಿದೆ. ಅದನ್ನು ಮುಚ್ಚಲು ಒಂದು ಫೇಶಿಯಾ (ಸೂರಿನ ಅಂಚಿಗೆ ಹೊಡೆಯುವ ಪಟ್ಟಿ) ಡಬ್ಬಿ ತಂದು ಅಂಟಿಸಿದ್ದಾರೆ. ರೆಂಡರ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಸೆಕ್ಷನ್, ಅಂದರೆ ಕತ್ತರಿಸಿದ ನೋಟ, ತೆಗೆದರೆ ಬಣ್ಣ ಬಯಲು.

ಜಾಯಿನ್ ಟೂಲ್ ಎಲ್ಲಿದೆ, ಯಾವ ಅಂಚನ್ನು ಮೊದಲು ಕ್ಲಿಕ್ ಮಾಡಬೇಕು ಅನ್ನೋದು ನಿಮಗೆ ಗೊತ್ತು. ಅದರ ಗೋಜಿಗೆ ಹೋಗುವುದಿಲ್ಲ. ನಾನು ಹೇಳಬೇಕಿರುವುದು ಒಂದೇ ಲೆಕ್ಕ. ದಯವಿಟ್ಟು ಪೆನ್ನು ತಗೊಳ್ಳಿ.

ಎರಡು ಗೋಡೆ 90 ಡಿಗ್ರಿಯಲ್ಲಿ ಸೇರುವ ಹೊರ ಮೂಲೆ ಅಂದುಕೊಳ್ಳಿ. ಒಂದು ಕಡೆ ರೂಫ್ ಸ್ಲೋಪ್ 30 ಡಿಗ್ರಿ, ಇನ್ನೊಂದು ಕಡೆ 45. ಎರಡೂ ಗೋಡೆಯ ಮೇಲೆ ರೂಫ್ ಒಂದೇ ಎತ್ತರದಲ್ಲಿ ಕೂತಿದೆ. ಓವರ್‌ಹ್ಯಾಂಗ್ ಎರಡೂ ಕಡೆ 600 ಮಿ.ಮೀ. ಸದ್ಯಕ್ಕೆ ರೂಫ್‌ಗೆ ದಪ್ಪವೇ ಇಲ್ಲ, ಕಾಗದದ ಹಾಳೆ ಅಂತಿಟ್ಟುಕೊಳ್ಳೋಣ. 30 ಡಿಗ್ರಿ ಕಡೆ ಸೂರು ಗೋಡೆಯಿಂದ ಹೊರಗೆ ಬರುವಷ್ಟರಲ್ಲಿ 346 ಮಿ.ಮೀ. ಕೆಳಗಿಳಿಯುತ್ತದೆ. 45 ಡಿಗ್ರಿ ಕಡೆ ಪೂರ್ತಿ 600. ವ್ಯತ್ಯಾಸ 254.

ಇಷ್ಟೇ. ಇದರಲ್ಲಿ ಬಗ್ ಎಲ್ಲಿದೆ?

ಹಿಪ್ ಗೆರೆ, ಅಂದರೆ ಮೂಲೆಯಲ್ಲಿ ಎರಡು ಸ್ಲೋಪ್ ಸೇರುವ ಗೆರೆ, ಎಲ್ಲಿ ಓಡುತ್ತದೆ ಅಂತ ಪ್ಲಾನ್‌ನಲ್ಲಿ ನೋಡಿ. ಸ್ಲೋಪ್ ಎರಡೂ ಕಡೆ ಒಂದೇ ಇದ್ದಿದ್ದರೆ ಅದು ನೇರ 45 ಡಿಗ್ರಿಯಲ್ಲಿ ಹೋಗುತ್ತಿತ್ತು. ಇಲ್ಲಿ ಕಡಿದಾದ ಬದಿಯ ಸೂರಿಗೆ ವಾಲಿಕೊಂಡು, ಆ ಸೂರಿನ ಜೊತೆ 30 ಡಿಗ್ರಿ ಕೋನ ಮಾಡಿಕೊಂಡು ಹೋಗುತ್ತದೆ. ಗೋಡೆಯ ಮೂಲೆಯ ಮೇಲೆ ಸರಿಯಾಗಿಯೇ ಹಾಯುತ್ತದೆ, ಆದರೆ ಸೂರಿನ ಮೂಲೆ ಅದಕ್ಕೆ ಸಿಗುವುದಿಲ್ಲ. ಮೂಲೆ ಇನ್ನೂ 254 ಮಿ.ಮೀ. ದೂರ ಇರುವಾಗಲೇ 30 ಡಿಗ್ರಿ ಬದಿಯ ಅಂಚಿನಿಂದ ಹೊರಗೆ ಬಿದ್ದುಬಿಡುತ್ತದೆ. ಆ ಕೊನೆಯ 254ರಲ್ಲಿ ಆ ಅಂಚು ಮೂಗು ಮುರಿದ ಹಾಗೆ ಕೆಳಗೆ ಬಾಗುತ್ತದೆ. ನೀವು ಬಗ್ ಅಂದದ್ದು ಇದನ್ನೇ. ಸಾಫ್ಟ್‌ವೇರ್ ಪಾಪ, ಹೇಳಿದ್ದನ್ನು ಹೇಳಿದ ಹಾಗೇ ಮಾಡಿದೆ.

ಕೆಲವರು ಇಲ್ಲಿ ಜಾಣತನ ತೋರಿಸುತ್ತಾರೆ. ರೂಫ್ ಕೂರಿಸಲು ಗೋಡೆ ಪಿಕ್ ಮಾಡುವುದನ್ನು ಬಿಟ್ಟು ಸೂರಿನ ಗೆರೆಯನ್ನೇ ಕೈಯಲ್ಲಿ ಎಳೆಯುತ್ತಾರೆ. ಸ್ಲೋಪ್ ಆ ಗೆರೆಯಿಂದಲೇ ಶುರುವಾಗುವುದರಿಂದ ಸೂರು ಸುತ್ತಲೂ ಒಂದೇ ಮಟ್ಟ. "ಆಯ್ತಲ್ಲ ಸರ್!" ಅಂತ ಖುಷಿ. ಗೋಡೆಯ ತಲೆ ನೋಡಿದ್ದೀರಾ? ಒಂದು ಕಡೆ ರೂಫ್ ಸೂರಿಗಿಂತ 346 ಮೇಲೆ ಕೂರಬೇಕು, ಇನ್ನೊಂದು ಕಡೆ 600 ಮೇಲೆ. ಮತ್ತೆ ಅದೇ 254, ಈಗ ಗೋಡೆ ಎತ್ತರದಲ್ಲಿ ಅಡಗಿ ಕೂತಿದೆ. ರೆವಿಟ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಸೂರು ಸರಿಹೊಂದಿಸುವ ಟೂಲ್ ಕೂಡ ಇದನ್ನೇ ಕೇಳುತ್ತದೆ: ಎತ್ತರ ಬದಲಿಸಲಾ, ಓವರ್‌ಹ್ಯಾಂಗ್ ಬದಲಿಸಲಾ? ಓದದೆ ಒಂದನ್ನು ಒತ್ತುವವರೇ ಜಾಸ್ತಿ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಓದದೆ ಒತ್ತಿದವನೇ. ಎಲಿವೇಶನ್ ನೋಡಿ ಬೀಗಿ ಡ್ರಾಯಿಂಗ್ ಕಳಿಸಿದೆ. ಸೈಟ್‌ನಲ್ಲಿ ರಾಫ್ಟರ್, ಅಂದರೆ ರೂಫ್ ಹೊರುವ ಓರೆ ತೊಲೆ, ಕೂರಿಸುತ್ತಿದ್ದ ಬಡಗಿಯೊಬ್ಬರು ಮೂಲೆಯಿಂದ ದಾರ ಹಿಡಿದು ನೋಡಿ, ಹಾಳೆ ನೋಡಿ, ಮತ್ತೆ ದಾರ ನೋಡಿ ಕೇಳಿದರು: "ಸಾರ್, ಈ ಕಡೆ ರಾಫ್ಟರ್ ಗೋಡೆ ಮೇಲೆ ಕೂರ್ಬೇಕೋ, ಗಾಳಿ ಮೇಲೋ?" ಅವರ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಅದೇ ಜಾಸ್ತಿ ನೋವಾಯಿತು.

ಹಾಗಾಗಿ 254 ಎಲ್ಲಿರಬೇಕು ಅಂತ ಮೊದಲೇ ನೀವೇ ತೀರ್ಮಾನಿಸಿ. ಗೋಡೆ ಎತ್ತರದಲ್ಲೋ, ಓವರ್‌ಹ್ಯಾಂಗ್‌ನಲ್ಲೋ, ಇಲ್ಲಾ ಸೂರು ಎರಡು ಮಟ್ಟದಲ್ಲಿದ್ದರೂ ಪರವಾಗಿಲ್ಲವೋ? ಸಾಮಾನ್ಯವಾಗಿ ನಾನು ಓವರ್‌ಹ್ಯಾಂಗ್‌ಗೆ ಹಾಕುತ್ತೇನೆ: ಕಡಿದಾದ ಬದಿಗೆ 600 ಬದಲು 346. ಆಗ ಹಿಪ್ ಗೆರೆ ಗೋಡೆಯ ಮೂಲೆಯನ್ನೂ ಸೂರಿನ ಮೂಲೆಯನ್ನೂ ಹಾಯುತ್ತದೆ. ಅಷ್ಟು ಚಿಕ್ಕ ಸೂರು ಆ ಗೋಡೆಯನ್ನು ಮಳೆಯಿಂದ ಕಾಯುತ್ತದಾ ಅನ್ನೋದು ಬೇರೆ ಪ್ರಶ್ನೆ, ಅದನ್ನೂ ನೋಡಿಕೊಳ್ಳಿ.

ಈಗ ಕಾಗದದ ಹಾಳೆ ಬಿಟ್ಟು ನಿಜವಾದ ರೂಫ್‌ಗೆ ಬನ್ನಿ. 200 ಮಿ.ಮೀ. ದಪ್ಪ ಅನ್ನೋಣ. ಈ ದಪ್ಪ ಸ್ಲೋಪ್‌ಗೆ ಅಡ್ಡಲಾಗಿ ಅಳೆದದ್ದು. ಅಂಚನ್ನು ನೆಟ್ಟಗೆ, ಅಂದರೆ ತೂಗುಗುಂಡಿನ ಗೆರೆಯಲ್ಲಿ ಕತ್ತರಿಸಿದರೆ 30 ಡಿಗ್ರಿ ಕಡೆ ಮುಖ 231 ಮಿ.ಮೀ. ಎತ್ತರ ಕಾಣುತ್ತದೆ, 45 ಡಿಗ್ರಿ ಕಡೆ 283. ಮೇಲಿನ 346 ಸಿಕ್ಕಿದ್ದು ಅಡಿಮುಖ ಗೋಡೆಯ ಮೇಲೆ ಕೂರುವ ಲೆಕ್ಕದಲ್ಲಿ. ಅಡಿ ಸೇರಿತು, ಮೇಲ್ಮುಖದಲ್ಲಿ 52 ಮಿ.ಮೀ. ಮೆಟ್ಟಿಲು ಬಂತು. ಮಳೆನೀರಿನ ಗಟರ್ ಕೂರುವುದು ಮೇಲಂಚಿನ ಹತ್ತಿರ ಅಲ್ವಾ? ಆದ್ದರಿಂದ ನಾನು ಮೇಲ್ಮುಖ ಸೇರಿಸಿ, ಅಡಿಯ ವ್ಯತ್ಯಾಸವನ್ನು ಸಾಫಿಟ್‌ಗೆ (ಸೂರಿನ ಅಡಿಯ ಮುಚ್ಚಿಗೆಗೆ) ಬಿಡುತ್ತೇನೆ. ಆಗ ಕಡಿದಾದ ಬದಿಯ ಓವರ್‌ಹ್ಯಾಂಗ್ 346 ಅಲ್ಲ, 346ಕ್ಕೆ ಆ 52 ಸೇರಿ 398.

ಅಂಚಿನ ಕಟ್ ಕೂಡ ಇಲ್ಲೇ ಗಟ್ಟಿ ಮಾಡಿಕೊಳ್ಳಿ. ರೆವಿಟ್‌ನಲ್ಲಿ ಎರಡು ಕಟ್‌ನ ಪ್ಲಂಬ್ (Two Cut - Plumb: ಮುಖ ನೆಟ್ಟಗೆ, ಅಡಿ ಮಟ್ಟಸ) ಆಯ್ಕೆ ಮಾಡಿ ಫೇಶಿಯಾ ಆಳ ಎರಡೂ ಬದಿಗೆ 150 ಕೊಟ್ಟರೆ ಮುಖ ಸುತ್ತಲೂ ಒಂದೇ ಎತ್ತರ ಬರುತ್ತದೆ, ಅಡಿ ಮಟ್ಟಸವಾಗುತ್ತದೆ. ಆರ್ಕಿಕ್ಯಾಡ್ ಅನ್ನೋ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಅಂಚಿನ ಕೋನ ನೆಟ್ಟಗೋ, ಸ್ಲೋಪ್‌ಗೆ ಅಡ್ಡವೋ ಅಂತ ಅಂಚಿಗೊಂದು ಸಲ ನೋಡಿ. ಒಂದು ಅಂಚು ನೆಟ್ಟಗೆ, ಪಕ್ಕದ್ದು ಅಡ್ಡ ಆಗಿದ್ದರೆ ನೀವು ಎಷ್ಟೇ ಜಾಯಿನ್ ಒತ್ತಿದರೂ ಮೂಲೆ ಬಾಯಿ ಬಿಟ್ಟೇ ಇರುತ್ತದೆ.

ಒಂದು ಎಚ್ಚರಿಕೆ. ಇವು ರೇಖಾಗಣಿತದ ಅಂಕಿಗಳು ಮಾತ್ರ. ರಾಫ್ಟರ್ ಗೋಡೆಯ ಮೇಲೆ ಎಷ್ಟು ಕೂರಬೇಕು, ಚಾಚಿದ ತುದಿ ಎಷ್ಟು ಭಾರ ಹೊರುತ್ತದೆ ಅನ್ನೋದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕು. ಗೋಡೆ ಮೂಲೆ 90 ಡಿಗ್ರಿ ಇಲ್ಲದಿದ್ದರೆ ಹಿಪ್‌ನ ಕೋನ ಬೇರೆ ಬರುತ್ತದೆ.

ಮೊನ್ನೆ ಬಗ್ ಅಂದಿದ್ದ ಹುಡುಗನಿಗೆ ಇದನ್ನೆಲ್ಲ ಕಾಗದದ ಮೇಲೆ ಬರೆದು ಕೊಟ್ಟೆ. ಸಂಜೆ ಮೆಸೇಜ್ ಬಂತು: "ಸರ್, 398 ಹಾಕ್ದೆ, ಕೂತ್ಕೊಂಡ್ತು. ಆ ಫೇಶಿಯಾ ಡಬ್ಬಿ ಡಿಲೀಟ್ ಮಾಡ್ಲಾ?"

ಮಾಡು ಮಾರಾಯ.